ಪ್ಲಗ್ಗು ಎಷ್ಟು ಎತ್ತರಕ್ಕೆ ಇರಬೇಕು

ಕೃಷ್ಣಮೂರ್ತಿಪುರಂ, ಮೈಸೂರು
೧೮ ಜೂನ್ ೧೯೫೮

ಅಪ್ಪನವರಿಗೆ ಚಾಮುಂಡೇಶ್ವರಿಯ ನಮಸ್ಕಾರ.

ಕವರಿನಲ್ಲಿ ಹಾಕಿದರೆ ನೀವು ಒಡೆಯದೆ ಪಕ್ಕಕ್ಕಿಡುತ್ತೀರೇನೋ ಎಂದು ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಕಾರ್ಡು ಕೈಗೆ ಬಂದರೆ ಕಣ್ಣಿಗೂ ಬೀಳುತ್ತದೆ.

ನಾನು ಅಶ್ವತ್ಥ ಅವರನ್ನು ಮದುವೆಯಾದಂದಿನಿಂದ ನಮ್ಮ ನಡುವೆ ಮಾತಿಲ್ಲ, ಕಾಗದವಿಲ್ಲ. ಆ ವಿಷಯ ಎತ್ತಲು ಬರೆಯುತ್ತಿಲ್ಲ. ನೀವು ವೈರಿಂಗ್ ಕಂಟ್ರಾಕ್ಟರು, ನಾನೊಬ್ಬ ಗಿರಾಕಿ ಎಂದುಕೊಂಡು ಉತ್ತರಿಸಿದರೆ ಸಾಕು. ನಾವಿರುವ ವಠಾರದ ಮನೆಗೆ ಒಂದು ಪವರ್ ಪ್ಲಗ್ಗು ಹಾಕಿಸಬೇಕು. ಇಲ್ಲಿ ಇಬ್ಬರನ್ನು ಕೇಳಿದೆವು. ಒಬ್ಬ ನಲವತ್ತು ರೂಪಾಯಿ ಎಂದ, ಇನ್ನೊಬ್ಬ ನೂರಕ್ಕೆ ಕಡಿಮೆಯಾಗದು ಎಂದ. ಗೋಡೆಗೆ ಬಡಿಯುವ ಅಂಗೈಯಗಲದ ಹಲಗೆಗೆ ಇಷ್ಟು ಅಂತರ ಹೇಗೆ ಬರುತ್ತದೆ? ನ್ಯಾಯವಾದ ಖರ್ಚು ಎಷ್ಟು?

ಅಮ್ಮ ಹೇಗಿದ್ದಾಳೆ ಎಂದು ಗಿರಾಕಿ ಕೇಳಬಹುದೋ ಇಲ್ಲವೋ ತಿಳಿಯದು. ಕೇಳಿದ್ದೇನೆ.

ಇಂತಿ,
ಚಾಮುಂಡೇಶ್ವರಿ

—

ಮಂಡ್ಯ
೨೩ ಜೂನ್ ೧೯೫೮

ಶ್ರೀಮತಿ ಚಾಮುಂಡೇಶ್ವರಿಯವರಿಗೆ,

ತಮ್ಮ ಕಾರ್ಡು ತಲುಪಿತು.

ಪವರ್ ಪ್ಲಗ್ಗಿಗೆ ಇಷ್ಟೇ ಎಂದು ಕೂತಲ್ಲಿಂದ ಹೇಳಲಾಗದು. ನಲವತ್ತು ಎಂದವನು ದೀಪದ ಲೈನಿನಿಂದಲೇ ಎಳೆದುಬಿಡುವ ಯೋಚನೆಯಲ್ಲಿದ್ದಾನೆ. ಅವನಿಗೆ ಕೆಲಸ ಕೊಡಬಾರದು. ನೂರು ಎಂದವನು ಏನೇನು ಸೇರಿಸಿ ಹೇಳಿದ್ದಾನೆಂದು ಕೇಳಿ ನೋಡಬೇಕು. ನನ್ನಿಂದ ಅಂದಾಜು ಬೇಕಾದರೆ ಕೆಲವು ವಿಷಯ ತಿಳಿಸಬೇಕು. ಮೀಟರು ಯಾರ ಮನೆಯಲ್ಲಿದೆ? ಅಲ್ಲಿಂದ ಪ್ಲಗ್ಗಿನ ಜಾಗಕ್ಕೆ ಎಷ್ಟು ದೂರ, ನಡುವೆ ಯಾರ ಗೋಡೆ? ಗೋಡೆ ಮಣ್ಣಿನದೋ ಗಾರೆಯದೋ? ಎಲ್ಲಕ್ಕಿಂತ ಮುಖ್ಯವಾಗಿ, ಪ್ಲಗ್ಗಿಗೆ ಸಿಕ್ಕಿಸುವ ವಸ್ತು ಯಾವುದು? ಇಸ್ತ್ರಿಪೆಟ್ಟಿಗೆಯೇ, ಒಲೆಯೇ, ನೀರು ಕಾಯಿಸುವುದೇ? ವಸ್ತುವಿನ ಹಿಂದೆ ಒಂದು ತಗಡಿನ ಪಟ್ಟಿ ಇರುತ್ತದೆ. ಅದರಲ್ಲಿ ವ್ಯಾಟ್ ಎಂಬುದರ ಪಕ್ಕದ ಅಂಕಿಯನ್ನು ಬರೆದು ಕಳಿಸುವುದು.

ಮೈಸೂರಿನಲ್ಲಿ ನಂಬಿಕಸ್ತ ಕೆಲಸಗಾರರು ಬೇಕಾದಷ್ಟಿದ್ದಾರೆ. ಮಂಡ್ಯಕ್ಕೆ ಬರೆಯಲು ಕಾರಣವೇನೆಂದು ತಿಳಿಯಲಿಲ್ಲ.

ತಾವು ಕೇಳಿದ ಇನ್ನೊಂದು ವಿಷಯ: ಆರೋಗ್ಯವಾಗಿದ್ದಾರೆ. ಮಂಡಿನೋವು ಹಾಗೇ ಇದೆ.

ದೇವಯ್ಯ
ವೈರಿಂಗ್ ಕಂಟ್ರಾಕ್ಟರ್

—

ಮೈಸೂರು
೨೯ ಜೂನ್ ೧೯೫೮

ಅಪ್ಪನವರಿಗೆ ನಮಸ್ಕಾರ.

ಉತ್ತರ ಬಂತು. ನಿಮ್ಮ ಅಕ್ಷರ ಇನ್ನೂ ಎಡಕ್ಕೇ ವಾಲುತ್ತದೆ.

ವಠಾರದಲ್ಲಿ ನಾಲ್ಕು ಮನೆ. ರಸ್ತೆ ಕಡೆಯದರಲ್ಲಿ ಮಾಲೀಕರು ಶಾಮಣ್ಣನವರಿದ್ದಾರೆ. ಅರಮನೆಯ ಕಚೇರಿಯೊಂದರಲ್ಲಿದ್ದು ನಿವೃತ್ತರಾದವರು. ಮೀಟರು ಅವರ ಜಗಲಿಯ ಗೋಡೆಯಲ್ಲಿದೆ. ನಮ್ಮದು ಒಳಗಿನ ಕೊನೆಯ ಮನೆ. ನಡುವೆ ಅಂಗಳ, ಅಂಗಳದುದ್ದಕ್ಕೆ ಸರೋಜಮ್ಮನವರ ಮನೆಯ ಗೋಡೆ. ಗಾರೆಯದೇ, ಆದರೆ ಹಳೆಯದು. ಮೊಳೆ ಹೊಡೆದರೆ ಮುಷ್ಟಿ ಪುಡಿ ಉದುರುತ್ತದೆ. ಅಳತೆಪಟ್ಟಿ ಇಲ್ಲದ್ದರಿಂದ ಇವರು ನನ್ನ ಸೀರೆ ಹಿಡಿದು ಅಳೆದರು. ಮೂರು ಸೀರೆಯುದ್ದಕ್ಕೆ ಸ್ವಲ್ಪ ಜಾಸ್ತಿ ಬಂತು.

ವಸ್ತುವಿನ ಹೆಸರು ಏನೆಂದು ನನಗೇ ಗೊತ್ತಿಲ್ಲ. ಯಾದವಗಿರಿಯ ಬಂಗಲೆಯೊಂದರಲ್ಲಿದ್ದ ಇಂಗ್ಲಿಷ್ ದಂಪತಿ ಊರು ಬಿಟ್ಟು ಹೊರಟಾಗ ಸಾಮಾನೆಲ್ಲ ಮಾರಿದರು. ಇವರು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮುಗಿಸಿ ಬರುವಾಗ ಅಲ್ಲಿಗೆ ನುಗ್ಗಿದ್ದಾರೆ. ಕುರ್ಚಿ ತರುತ್ತೇನೆಂದು ಹೋದವರು ಈ ಪೆಟ್ಟಿಗೆ ತಂದರು. ಸೊಂಟದೆತ್ತರದ ಬಿಳಿ ತಗಡಿನ ಪೆಟ್ಟಿಗೆ, ಮೇಲೆ ಮುಚ್ಚಳ. ಒಳಗೆ ಬಟ್ಟೆ ಹರಡಲು ಮರದ ಕೋಲುಗಳು, ತಳದಲ್ಲಿ ಸುರುಳಿ ತಂತಿ. ತಂತಿ ಕಾದರೆ ಬಟ್ಟೆ ಒಣಗುತ್ತದಂತೆ. ಇಡೀ ವಠಾರ ಬಂದು ನೋಡಿತು.

"ಇದೇನ್ರೀ, ಇಡ್ಲಿ ಬೇಯಿಸೋದಾ?" ಎಂದರು ಸರೋಜಮ್ಮ.

"ಬಟ್ಟೆ ಒಣಗಿಸೋದು ಕಣ್ರೀ."

"ಬಿಸಿಲಿಗೂ ಬಿಲ್ಲು ಕಟ್ಟೋ ಕಾಲ ಬಂತು ಅನ್ನಿ!"

ಅದರ ಬಾಲದ ತುದಿಯಲ್ಲಿ ಮೂರು ದಪ್ಪ ಕಾಲಿನ ಪ್ಲಗ್ಗಿದೆ. ಅದು ಹೋಗುವಂಥ ತೂತು ನಮ್ಮ ಮನೆಯಲ್ಲಿರಲಿ, ಇಡೀ ವಠಾರದಲ್ಲೇ ಇಲ್ಲ. ತಗಡಿನ ಪಟ್ಟಿಯಲ್ಲಿ ಎರಡು ಸಾವಿರ ವ್ಯಾಟ್ ಎಂದಿದೆ. ಒಂದು ಕಾಲು ಮಾತ್ರ ಯಾಕೆ ಉಳಿದೆರಡಕ್ಕಿಂತ ದಪ್ಪ?

ನಿಮಗೇ ಯಾಕೆ ಬರೆದೆ ಎಂದು ಕೇಳಿದ್ದೀರಿ. ನಾವು ಮೊದಲಿದ್ದ ಹಿನಕಲ್ಲಿನ ಮನೆಗೆ ದೀಪ ಬಂದ ದಿನ ಸ್ವಿಚ್ಚು ಹಾಕಲು ನನ್ನನ್ನು ಎತ್ತಿಕೊಂಡವರು ನೀವು. ಕರೆಂಟಿನ ವಿಷಯ ಬೇರೆ ಯಾರು ಹೇಳಿದರೂ ನನಗೆ ನಂಬಿಕೆ ಕೂರುವುದಿಲ್ಲ. ಅಷ್ಟೇ ಕಾರಣ.

ಚಾಮುಂಡೇಶ್ವರಿ

—

ಮಂಡ್ಯ
೫ ಜುಲೈ ೧೯೫೮

ಶ್ರೀಮತಿ ಚಾಮುಂಡೇಶ್ವರಿಯವರಿಗೆ,

ವಿವರ ಸಿಕ್ಕಿತು. ಎರಡು ಸಾವಿರ ವ್ಯಾಟ್ ಎಂದರೆ ಮೂವತ್ತಕ್ಕೂ ಮೀರಿ ದೀಪಗಳನ್ನು ಒಟ್ಟಿಗೆ ಹಚ್ಚಿದ ಹಾಗೆ. ದೀಪದ ತಂತಿ ಇದನ್ನು ಹೊರುವುದಿಲ್ಲ. ಬೇರೆ ದಪ್ಪ ತಂತಿ, ಬೇರೆ ಫ್ಯೂಸು, ಬೇರೆ ಮೀಟರು ಬೇಕು. ಮೀಟರಿಗೆ ಕರೆಂಟ್ ಆಫೀಸಿನಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಮಾಲೀಕರ ಒಪ್ಪಿಗೆಯ ಸಹಿ ಬೇಕು.

ದಪ್ಪ ಕಾಲಿನ ವಿಷಯ. ಅದು ಭೂಮಿಗೆ. ಅಂಗಳದಲ್ಲಿ ಗುಂಡಿ ತೋಡಿ ಕೊಳವೆ ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬುತ್ತೇವೆ. ಅಲ್ಲಿಂದ ಒಂದು ತಂತಿ ಬಂದು ಆ ಕಾಲಿಗೆ ಸೇರುತ್ತದೆ. ಪೆಟ್ಟಿಗೆಯ ತಗಡಿಗೆ ಯಾವತ್ತಾದರೂ ಕರೆಂಟು ಸೋರಿದರೆ ಮುಟ್ಟಿದವರ ಮೈಗೆ ಬಾರದೆ ನೆಲಕ್ಕೆ ಇಳಿದುಹೋಗುತ್ತದೆ. ನಲವತ್ತು ಎಂದವನು ಬಿಟ್ಟದ್ದು ಇದನ್ನೇ.

ಎಲ್ಲ ಸೇರಿ ಎಪ್ಪತ್ತು ರೂಪಾಯಿಯ ಹತ್ತಿರ ಆಗಬಹುದು, ಮೀಟರಿನ ಠೇವಣಿ ಬೇರೆ.

ಆದರೆ ಒಂದು ವಿಷಯ ನನಗೆ ಅರ್ಥವಾಗಲಿಲ್ಲ. ಮಳೆಗಾಲದಲ್ಲಿ ಎಲ್ಲರೂ ನಡುಮನೆಯಲ್ಲಿ ಹಗ್ಗ ಕಟ್ಟಿ ಒಣಗಿಸಿಕೊಳ್ಳುತ್ತಾರೆ. ಇಬ್ಬರ ಬಟ್ಟೆಗೆ ಎರಡು ಸಾವಿರ ವ್ಯಾಟ್ ಏಕೆ? ಅಂಗಡಿಗೆ ಊಟ ತಂದ ನಮ್ಮ ಮನೆಯವರಿಗೆ ತಮ್ಮ ಕಾಗದ ಓದಿ ಹೇಳಿದೆ. ಅವರೂ ಅದನ್ನೇ ಕೇಳಿದರು: "ಇಬ್ರೇ ಇರೋ ಮನೇಲಿ ಪೆಟ್ಗೆ ತುಂಬ ಬಟ್ಟೆ ಎಲ್ಲಿಂದ ಬಂದವು? ಅಗಸರಂಗ್ಡಿ ಇಟ್ಟವ್ಳಾ?"

ದಿನಕ್ಕೆ ಎಷ್ಟು ಹೊತ್ತು ಓಡಿಸಬೇಕಾಗುತ್ತದೆ, ಎಂಥ ಬಟ್ಟೆ, ದಪ್ಪವೋ ತೆಳುವೋ ಎಂದು ತಿಳಿಸಿದರೆ ತಂತಿಯ ಲೆಕ್ಕಕ್ಕೆ ಅನುಕೂಲ.

ದೇವಯ್ಯ

—

ಮೈಸೂರು
೧೦ ಜುಲೈ ೧೯೫೮

ಅಪ್ಪನವರಿಗೆ,

ತಂತಿಯ ಲೆಕ್ಕಕ್ಕೆ ಬಟ್ಟೆಯ ದಪ್ಪ ಬೇಕೆಂದು ನನಗೆ ಗೊತ್ತಿರಲಿಲ್ಲ. ಕೇಳಿದ್ದೀರೆಂದು ಬರೆಯುತ್ತೇನೆ.

ತೆಳು ಬಟ್ಟೆಗಳೇ. ಹೆಚ್ಚಿನವು ಇವರ ಹಳೆ ಪಂಚೆ ಹರಿದು ಮಾಡಿದ ತುಂಡುಗಳು. ಬೆಳಿಗ್ಗೆಯಿಂದ ಸಂಜೆವರೆಗೂ ಒಗೆಯುವುದು ಇರುತ್ತದೆ. ಆಷಾಢ ಹಿಡಿದಾಗಿನಿಂದ ಜಿಟಿಜಿಟಿ ನಿಂತಿಲ್ಲ. ಹಗ್ಗದ ಮೇಲೆ ಹಾಕಿದ್ದು ಎರಡು ದಿನವಾದರೂ ತಣ್ಣಗೇ ಇರುತ್ತದೆ. ಸರೋಜಮ್ಮನವರು ಪಾಪ, ಕೆಂಡದ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಸಾಂಬ್ರಾಣಿ ಉದುರಿಸಿ ಒಣಗಿಸಿಕೊಡುತ್ತಿದ್ದರು. ಆದರೆ ಆ ಹೊಗೆ ಮನೆಯಲ್ಲಿ ಒಬ್ಬರಿಗೆ ಆಗುವುದಿಲ್ಲ. ಕೆಮ್ಮು ಬರುತ್ತದೆ. ಡಾಕ್ಟರಮ್ಮ ಹೊಗೆ ಕೂಡದು, ಥಂಡಿಯೂ ಕೂಡದು ಎಂದಿದ್ದಾರೆ. ಎರಡೂ ಇಲ್ಲದಿರುವುದು ಹೇಗೆ ಎಂದು ಅವರೂ ಹೇಳಲಿಲ್ಲ.

ಶಾಮಣ್ಣನವರ ಸಹಿ ಕೇಳಲು ನಾನೇ ಹೋದೆ. ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು.

"ನೋಡಮ್ಮ, ಈ ಮನೆ ನಮ್ಮ ತಂದೆಯ ಕಾಲದ್ದು. ತೊಲೆ, ಬಾಗಿಲು, ಜಂತಿ ಎಲ್ಲ ಒಣಮರ. ಒಂದು ಕಿಡಿ ಬಿದ್ದರೆ ನಾಲ್ಕು ಮನೆಯೂ ಹೋಗುತ್ತೆ."

"ಕಿಡಿ ಬೀಳದ ಹಾಗೆ ಮಾಡೋಕೆ ತಿಳಿದವರನ್ನ ಕೇಳ್ತಿದೀನಿ ಸರ್."

"ಯಾರವರು?"

"ಮಂಡ್ಯದಲ್ಲಿದ್ದಾರೆ. ಕಂಟ್ರಾಕ್ಟರು."

"ನಿನಗೆ ಅವರ ಪರಿಚಯ ಇದೆಯೋ?"

ಇದೆ ಎಂದೆ. ಮೊದಲು ಅವರು ಬಂದು ಗೋಡೆ ನೋಡಲಿ, ಆಮೇಲೆ ಸಹಿಯ ಮಾತು ಎಂದರು. ಅವರ ಮಾತನ್ನು ಹಾಗೇ ಬರೆದಿದ್ದೇನೆ.

ಚಾಮುಂಡೇಶ್ವರಿ

—

ಮಂಡ್ಯ
೧೪ ಜುಲೈ ೧೯೫೮

ಶ್ರೀಮತಿ ಚಾಮುಂಡೇಶ್ವರಿಯವರಿಗೆ,

ಮಾಲೀಕರು ಹೇಳಿದ್ದು ಸರಿಯಾಗಿದೆ. ಒಣಮರದ ಮನೆಯಲ್ಲಿ ಹೆದರಿಕೆ ಇರಬೇಕಾದ್ದೇ.

ತಮ್ಮ ಕಾಗದವನ್ನು ನಮ್ಮ ಮನೆಯವರು ಎರಡು ಸಲ ಓದಿಸಿಕೊಂಡರು. ಪಂಚೆ ತುಂಡುಗಳ ಕಡೆಗೆ ಬಂದಾಗ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಇನ್ನೊಂದ್ ಕಿತ ಓದ್ರಿ ಅದ್ನ," ಎಂದರು. ಓದಿದೆ. ಆಮೇಲೆ ಒಳಗೆ ಹೋದವರು ಬಹಳ ಹೊತ್ತು ಈಚೆಗೆ ಬರಲಿಲ್ಲ. ಏನು ಎಂದು ಕೇಳಿದರೆ, "ನೀವು ವೈರಿಂಗ್ ಮಾಡೋರು, ನಿಮಗ್ ಗೊತ್ತಾಗಕಿಲ್ಲ ಬುಡಿ," ಎಂದರು.

ಕೆಲಸಕ್ಕೆ ಮೊದಲು ನನಗೆ ಇನ್ನೊಂದು ವಿಷಯ ತಿಳಿಯಬೇಕು. ಪ್ಲಗ್ಗು ನೆಲದಿಂದ ಎಷ್ಟು ಎತ್ತರಕ್ಕೆ ಇರಬೇಕು? ದೊಡ್ಡವರೇ ಇರುವ ಮನೆಯಾದರೆ ಮೊಣಕಾಲೆತ್ತರಕ್ಕೆ ಹಾಕುತ್ತೇವೆ, ತಂತಿ ಉಳಿಯುತ್ತದೆ, ಖರ್ಚು ಕಡಿಮೆ. ಅಂಬೆಗಾಲಿಡುವವರು, ಕಂಡ ತೂತಿಗೆಲ್ಲ ಬೆರಳು ಹಾಕುವವರು ಇರುವ ಮನೆಯಾದರೆ ಆಳೆತ್ತರಕ್ಕೆ ಹಾಕಬೇಕಾಗುತ್ತದೆ. ಎಲ್ಲ ಗಿರಾಕಿಗಳನ್ನೂ ಇದನ್ನು ಕೇಳುತ್ತೇನೆ.

ಕೆಲಸ ಆಗುವವರೆಗೆ ಆ ಪೆಟ್ಟಿಗೆಯನ್ನು ದೀಪದ ಲೈನಿಗೆ ಸಿಕ್ಕಿಸಿ ನೋಡುವ ಯೋಚನೆ ಯಾರಿಗಾದರೂ ಬಂದರೆ ನೀನು ತಡೆಯಬೇಕು.

ದೇವಯ್ಯ

—

ಮೈಸೂರು
೧೭ ಜುಲೈ ೧೯೫೮

ಅಪ್ಪನವರಿಗೆ,

ಈಗ ಅಂಥವರಿಲ್ಲ. ಇನ್ನು ನಾಲ್ಕೈದು ತಿಂಗಳಿಗೆ ಬೇಕಾಗಬಹುದು.

ಆಳೆತ್ತರಕ್ಕೇ ಇರಲಿ.

ಚಾಮಿ

—

ಮೈಸೂರು
೫ ಆಗಸ್ಟ್ ೧೯೫೮

ಪೂಜ್ಯ ದೇವಯ್ಯನವರಿಗೆ ಅಶ್ವತ್ಥನ ನಮಸ್ಕಾರಗಳು.

ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಹೀಗೆ ಪರಿಚಯವಾಗಬೇಕಾಗಿ ಬಂದದ್ದಕ್ಕೆ ಸಂಕೋಚವಾಗುತ್ತಿದೆ. ಚಾಮುಂಡೇಶ್ವರಿ ಆರೋಗ್ಯವಾಗಿದ್ದಾಳೆ ಎಂಬುದನ್ನು ಮೊದಲು ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ತಾವು ಗಾಬರಿಯಾಗಬಾರದು.

ಮೇ ತಿಂಗಳಲ್ಲಿ ನಮಗೆ ಹೆಣ್ಣುಮಗು ಹುಟ್ಟಿತು. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಬಹಳ ಸಣ್ಣದು. ಈ ಮದುವೆಯ ಕಾರಣಕ್ಕೆ ನನ್ನ ತಂದೆತಾಯಿಯೂ ನಮ್ಮನ್ನು ದೂರ ಮಾಡಿದ್ದಾರೆ. ಬಾಣಂತನಕ್ಕೆ ಯಾರೂ ಇರಲಿಲ್ಲ. ಸರೋಜಮ್ಮನವರು ಬಂದು ಎರೆದುಹಾಕಿದರು, ಪಥ್ಯದ ಅಡುಗೆ ನಾನು ಕಲಿತೆ. ತಮಗೆ ಬರೆಯೋಣವೆಂದು ನಾನು ಎಷ್ಟೋ ಸಲ ಹೇಳಿದೆ. "ನಾನೇ ಬರೀತೀನಿ, ನೀವು ಸುಮ್ನಿರಿ," ಎಂದಳು. ಅವಳು ಬರೆದದ್ದು ಪ್ಲಗ್ಗಿನ ವಿಷಯ ಎಂದು ಆಮೇಲೆ ಗೊತ್ತಾಯಿತು.

ಜುಲೈ ಹದಿನೇಳರಂದು ಕಾಗದ ಹಾಕಿದ ಮೇಲೆ ದಿನವೂ ಟಪಾಲಿನವರ ದಾರಿ ಕಾದಳು. ತಮ್ಮಿಂದ ಏನೂ ಬರಲಿಲ್ಲ. ಮೊನ್ನೆ ಭಾನುವಾರ ಮಗುವಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು. ಒಂದೇ ಒಂದು ಒಣಬಟ್ಟೆ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಮೂರು ಕಾಲಿನ ಪ್ಲಗ್ಗನ್ನು ಕತ್ತರಿಸಿ, ಎರಡು ತಂತಿ ತೆಗೆದು ದೀಪದ ಹೋಲ್ಡರಿಗೆ ಸೇರಿಸಿದೆ. ಫ್ಯೂಸು ಹೋಯಿತು. ದಪ್ಪ ತಂತಿ ಸುತ್ತಿ ಫ್ಯೂಸು ಹಾಕಿದೆ. ಚಾಮುಂಡೇಶ್ವರಿ, "ಅಪ್ಪ ಬೇಡ ಅಂದಿದ್ದಾರೆ, ಬೇಡಿ ಕಣ್ರೀ," ಎಂದು ಕೈ ಹಿಡಿದಳು. ನಾನು ಕೇಳಲಿಲ್ಲ.

ಸುರುಳಿ ಕೆಂಪಗಾಯಿತು. ಬಿಸಿ ಬಂತು. ಅವಳಿಗೂ ಮನಸ್ಸು ತಡೆಯಲಿಲ್ಲ. ಮಗುವನ್ನು ಸರೋಜಮ್ಮನವರ ಕೈಗೆ ಕೊಟ್ಟು, ಒದ್ದೆ ಬಟ್ಟೆ ಹರಡಲು ಬಂದು ಪೆಟ್ಟಿಗೆಯ ಅಂಚು ಹಿಡಿದಳು. ಹಿಡಿದವಳನ್ನು ಅದು ಗೋಡೆಗೆ ಎಸೆಯಿತು. ಅಷ್ಟರಲ್ಲಿ ಬಾಗಿಲ ಮೇಲೆ ದೀಪದ ತಂತಿ ಹಾದುಹೋಗುವ ಮರದ ಪಟ್ಟಿಯಿಂದ ಹೊಗೆ ಏಳುತ್ತಿತ್ತು. ಶಾಮಣ್ಣನವರು ಕೂಗು ಕೇಳಿ ಓಡಿಹೋಗಿ ಮೈನ್ ಸ್ವಿಚ್ಚು ಎಳೆದರು. ನಾಲ್ಕು ಮನೆಯ ದೀಪವೂ ಆರಿತು. ಅವಳ ಅಂಗೈ ಸುಟ್ಟಿದೆ, ತೋಳು ಒಂದು ದಿನ ಜೋಮು ಹಿಡಿದಿತ್ತು. ಡಾಕ್ಟರು ನೋಡಿದ್ದಾರೆ, ಅಪಾಯವಿಲ್ಲ ಎಂದಿದ್ದಾರೆ. ಮಗುವಿನ ಕಫ ಔಷಧಿಗೆ ಸ್ವಲ್ಪ ಇಳಿದಿದೆ.

ಶಾಮಣ್ಣನವರು ತಿಂಗಳ ಕೊನೆಗೆ ಮನೆ ಬಿಡಲು ಹೇಳಿದ್ದಾರೆ. ಅವರನ್ನು ದೂರುವ ಹಾಗಿಲ್ಲ. ಮಗುವನ್ನೆತ್ತಿಕೊಂಡು ಈ ಮಳೆಯಲ್ಲಿ ಎಲ್ಲಿಗೆ ಹೋಗುವುದೆಂದು ನಮಗೆ ತೋಚುತ್ತಿಲ್ಲ.

ಈ ಕಾಗದ ಬರೆದದ್ದು ಅವಳಿಗೆ ಗೊತ್ತಿಲ್ಲ.

ತಮ್ಮ ವಿಧೇಯ
ಅಶ್ವತ್ಥ

—

ಮಂಡ್ಯ
೭ ಆಗಸ್ಟ್ ೧೯೫೮

ಅಶ್ವತ್ಥ ಅವರಿಗೆ,

ಕಾಗದ ಈಗ ತಲುಪಿತು. ಆ ಪೆಟ್ಟಿಗೆಯನ್ನು ಯಾರೂ ಮುಟ್ಟಬಾರದು. ಹೊಗೆ ಬಂದ ಪಟ್ಟಿಯ ಲೈನನ್ನು ಬಿಚ್ಚಿ ನೋಡುವವರೆಗೆ ದೀಪವನ್ನೂ ಹಚ್ಚಬಾರದು, ಸೀಮೆಎಣ್ಣೆ ದೀಪ ಇಟ್ಟುಕೊಳ್ಳಿ. ನಾಳಿದ್ದು ಬೆಳಗಿನ ರೈಲಿಗೆ ಬರುತ್ತೇನೆ. ಅವಳ ತಾಯಿಯೂ ಬರುತ್ತಾಳೆ. ಅವಳ ಗಂಟು ಹದಿನೈದು ದಿನದಿಂದ ಕಟ್ಟಿಯೇ ಇದೆ. ನಾನು ಏಳಲಿ ಎಂದು ಕಾದಿದ್ದಳು.

ಮಗಳ ಮದುವೆಯ ಸುದ್ದಿಯನ್ನು ನಾನು ಸಂತೆಯಲ್ಲಿ ಕೇಳಿದೆ. ಮೊಮ್ಮಗುವಿನ ಸುದ್ದಿ ಪ್ಲಗ್ಗಿನಿಂದ ತಿಳಿಯಿತು. ಅದನ್ನು ನುಂಗಿಕೊಳ್ಳಲು ನನಗೆ ಇಷ್ಟು ದಿನ ಬೇಕಾಯಿತು. ಅಷ್ಟರಲ್ಲಿ ಹೀಗಾಯಿತು.

ನಿಚ್ಚಣಿಗೆ ಒಂದನ್ನು ಎಲ್ಲಿಂದಾದರೂ ತರಿಸಿಡಿ.

ದೇವಯ್ಯ

—

ಮೈಸೂರು
೨೪ ಆಗಸ್ಟ್ ೧೯೫೮

ಅಪ್ಪ,

ಗುರುವಾರ ಕರೆಂಟ್ ಆಫೀಸಿನವರು ಬಂದು ಹೊಸ ಮೀಟರು ಕೂರಿಸಿ ಸೀಲು ಹಾಕಿ ಹೋದರು. ನಿಮ್ಮ ವೈರಿಂಗನ್ನು ಮೂಲೆಮೂಲೆ ನೋಡಿದರು. ಏನೂ ಅನ್ನಲಿಲ್ಲ. ಅದೇ ದೊಡ್ಡ ಮಾತು ಎಂದರು ಇವರು.

ಪೆಟ್ಟಿಗೆ ಹಚ್ಚಲು ನನಗೆ ಕೈ ಬರಲಿಲ್ಲ. ಅಂಗೈ ವಾಸಿಯಾಗಿದೆ, ಹೆದರಿಕೆ ವಾಸಿಯಾಗಿಲ್ಲ. ಅಮ್ಮ, "ನಿಮ್ಮಪ್ಪ ಹಾಕಿದ್ದು ಕಣೇ, ಮುಟ್ಟು," ಎಂದಳು. ಸರೋಜಮ್ಮ ರಬ್ಬರ್ ಚಪ್ಪಲಿ ತಂದುಕೊಟ್ಟರು. ಕೊನೆಗೆ ಶಾಮಣ್ಣನವರೇ ಮುಂದೆ ಬಂದು, "ನಾನು ಹಾಕ್ತೀನಿ, ನನಗೆ ವಯಸ್ಸಾಗಿದೆ," ಎಂದು ಸ್ವಿಚ್ಚು ಒತ್ತಿದರು. ಆಮೇಲೆ ಪೆಟ್ಟಿಗೆಯ ತಗಡಿನ ಮೇಲೆ ಬೆರಳಿಟ್ಟು, ತೆಗೆದು, ಮತ್ತೆ ಇಟ್ಟರು. "ಬರೀ ಬೆಚ್ಚಗಿದೆ," ಎಂದರು. ಅರ್ಧ ಗಂಟೆಯಲ್ಲಿ ಬಟ್ಟೆಗಳು ಒಣಗಿ ಗರಿಗರಿಯಾಗಿದ್ದವು. ಅಮ್ಮ ಒಂದನ್ನು ಕೆನ್ನೆಗೆ ಒತ್ತಿಕೊಂಡು ಕೂತುಬಿಟ್ಟಳು.

ನೀವಿದ್ದಾಗ ಅಂಗಳದಲ್ಲಿ ನಡೆದದ್ದು ನಿಮಗೆ ಗೊತ್ತಿದೆ. ಜಗಲಿಯಲ್ಲಿ ನಡೆದದ್ದು ಗೊತ್ತಿಲ್ಲ. ನೀವು ಸುಟ್ಟ ಪಟ್ಟಿ ಬಿಚ್ಚುತ್ತಿದ್ದಾಗ ಅಮ್ಮ ಮಗುವನ್ನೆತ್ತಿಕೊಂಡು ನೇರ ಶಾಮಣ್ಣನವರ ಮುಂದೆ ಹೋಗಿ ನಿಂತಳಂತೆ. "ಸ್ವಾಮಿ, ಮನೆ ಬುಡಿ ಅಂದ್ರೆ ಬುಟ್ಬುಡ್ತಾರೆ. ಈ ಕೂಸ್ನ ಮಕ ನೋಡ್ಬುಟ್ಟು ಅನ್ನಿ." ಅವರು ಪೇಪರ್ ಮಡಿಸಿಟ್ಟು, "ನಾನು ಹೆದರಿದ್ದು ಬೆಂಕಿಗಮ್ಮ, ಮಗುವಿಗಲ್ಲ. ಒಳಗೆ ಬಾ, ಮಳೆ ಎರಚಲು ಬಡೀತಿದೆ," ಎಂದರಂತೆ. ಆಮೇಲೆ ತಾನೇ ಅವರು ಕುರ್ಚಿ ಹಾಕಿಸಿಕೊಂಡು ನಿಮ್ಮ ಪಕ್ಕ ಕೂತದ್ದು, ಗುಂಡಿಗೆ ಇದ್ದಿಲು ಯಾಕೆ, ಉಪ್ಪು ಯಾಕೆ ಎಂದು ನಿಮ್ಮ ತಲೆ ತಿಂದದ್ದು. ಈಗ ದಿನವೂ ಬೆಳಿಗ್ಗೆ ಆ ಗುಂಡಿಗೆ ಒಂದು ಚೊಂಬು ನೀರು ಅವರೇ ಹಾಕುತ್ತಾರೆ. ಸಹಿ ಮಾಡಿದ ದಿನದಿಂದ ಅದು ಅವರ ಗುಂಡಿ.

ಇನ್ನೊಂದು. ನೀವು ನಿಚ್ಚಣಿಗೆ ಮೇಲಿದ್ದಾಗ ಇವರು ಕೆಳಗೆ ಹಿಡಿದು ನಿಂತಿದ್ದರಲ್ಲ, ಮಧ್ಯಾಹ್ನದವರೆಗೆ ನೀವು ಅವರೊಡನೆ ಆಡಿದ್ದು, "ಸ್ವಲ್ಪ ಎಡಕ್ಕೆ," ಅಷ್ಟೇ. ನಾನು ಒಳಗಿನಿಂದ ಕಿವಿಗೊಟ್ಟು ಕಾಯುತ್ತಿದ್ದೆ. ರಾತ್ರಿ ಕೇಳಿದರೆ ಇವರು ಅದನ್ನೇ ಸಂತೋಷದಿಂದ ಹೇಳಿಕೊಂಡರು. "ಬೈಯಲಿಲ್ಲ ಕಣೆ. ಎಡಕ್ಕೆ ಅಂದರು."

ಪ್ಲಗ್ಗಿನ ಹಲಗೆ ಕೂರಿಸಿ, ಇವರು ಕತ್ತರಿಸಿದ್ದ ಮೂರು ಕಾಲಿನ ಪ್ಲಗ್ಗನ್ನು ಪೆಟ್ಟಿಗೆಯ ಬಾಲಕ್ಕೆ ಮತ್ತೆ ಸೇರಿಸಿ, ಕೈ ತೊಳೆದು, ನಿಮ್ಮ ಟವೆಲಿನಲ್ಲೇ ಒರೆಸಿಕೊಂಡು ನೀವು ಅಮ್ಮನಿಗೆ, "ಕೊಡು ಇತ್ತ," ಎಂದಿರಿ. ಎತ್ತಿಕೊಂಡ ಕೂಡಲೇ ಮಗು ನಿಮ್ಮ ಷರಟು ಒದ್ದೆ ಮಾಡಿತು. "ಪೆಟ್ಟಿಗೆಗೆ ಕೆಲಸ ಬಂತು," ಎಂದಿರಿ. ಮೀಟರು ಬಂದಿರಲಿಲ್ಲ, ಒದ್ದೆ ಷರಟಿನಲ್ಲೇ ರೈಲಿಗೆ ಹೋದಿರಿ. ನಾನು ಒಳಗೆ ಹಾಲು ಕಾಯಿಸುತ್ತಿದ್ದವಳು ಹೊರಗೆ ಬರುವಷ್ಟರಲ್ಲಿ ನೀವಿರಲಿಲ್ಲ. ಕೇಳಬೇಕೆಂದುಕೊಂಡದ್ದನ್ನು ನೀವೂ ಕೇಳಲಿಲ್ಲ, ಹೇಳಬೇಕೆಂದುಕೊಂಡದ್ದನ್ನು ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಮಗು ಹುಟ್ಟಿದೆ ಎಂದು ಬರೆದಿದ್ದರೆ ನೀವು ಬರುತ್ತಿದ್ದಿರಿ. ಅದು ನನಗೆ ಗೊತ್ತಿತ್ತು. ಮಗುವಿಲ್ಲದೆ, ಬರೀ ನನಗೆ, ನೀವು ಒಂದು ಸಾಲು ಬರೆಯುತ್ತೀರೋ ಇಲ್ಲವೋ ಎಂಬುದು ಗೊತ್ತಿರಲಿಲ್ಲ. ಅದನ್ನು ತಿಳಿಯಬೇಕಾಗಿತ್ತು. ಮದುವೆಯ ವಿಷಯ ನಿಮಗೆ ಮೊದಲೇ ಹೇಳದೆ ಹೋದದ್ದೂ ಹೆದರಿಕೆಯಿಂದಲೇ, ಅಲಕ್ಷ್ಯದಿಂದಲ್ಲ.

ಅಮ್ಮ ದೀಪಾವಳಿವರೆಗೆ ಇಲ್ಲೇ ಇರುತ್ತಾಳಂತೆ. ಮಗುವಿಗೆ ಗುಂಡಮ್ಮ ಎಂದು ಹೆಸರಿಟ್ಟಿದ್ದಾಳೆ. ನಮಗೆ ಬೇರೆ ಹೆಸರು ಇಡುವ ಧೈರ್ಯ ಬರುತ್ತಿಲ್ಲ.

ಸಾಮಾನಿನ ದುಡ್ಡನ್ನು ಇವರು ನಿಮ್ಮ ಚೀಲದಲ್ಲಿಟ್ಟದ್ದು ಸಿಕ್ಕಿತೇ? ಕೂಲಿ ಎಷ್ಟೆಂದು ನೀವು ಹೇಳಲೇ ಇಲ್ಲ. ಕಂಟ್ರಾಕ್ಟರಿಗೆ ಕೂಲಿ ಕೊಡದೆ ಇಟ್ಟುಕೊಳ್ಳಲು ನನಗೆ ಇಷ್ಟವಿಲ್ಲ. ತಿಳಿಸಿದರೆ ಮನಿಯಾರ್ಡರ್ ಮಾಡುತ್ತೇವೆ.

ನಿಮ್ಮ ಮಗಳು
ಚಾಮಿ

—

ಮಂಡ್ಯ
೩೦ ಆಗಸ್ಟ್ ೧೯೫೮

ಚಾಮಿಗೆ ಅಪ್ಪನ ಆಶೀರ್ವಾದ.

ಕಾಗದ ಬಂತು. ಓದಿಸಿಕೊಳ್ಳುವವಳು ನಿನ್ನ ಹತ್ತಿರ ಇರುವುದರಿಂದ ನನಗೆ ನಾನೇ ಓದಿಕೊಂಡೆ.

ನೀನು ತಿಳಿಯಬೇಕೆಂದದ್ದನ್ನು ನಾನು ಹೇಳುತ್ತೇನೆ. ನಿನ್ನ ಮೊದಲ ಕಾರ್ಡು ಬಂದ ದಿನವೇ ಉತ್ತರ ಬರೆದೆ. ಬರೆದದ್ದನ್ನು ಡಬ್ಬಿಗೆ ಹಾಕಲು ಆಗದೆ ಅಂಗಡಿಯಲ್ಲಿಟ್ಟುಕೊಂಡು ಓಡಾಡಿದೆ. ಅದರಲ್ಲಿ ಮೊದಲು ಚಾಮಿ ಎಂದೇ ಇತ್ತು. ಹರಿದು, ಶ್ರೀಮತಿ ಎಂದು ಬರೆದು ಹಾಕಿದೆ. ನೀನು ಆಳೆತ್ತರಕ್ಕೇ ಇರಲಿ ಎಂದು ಬರೆದ ದಿನ ತೇಗದ ಹಲಗೆ ಕೊಯ್ದು, ಪ್ಲಗ್ಗು ಸ್ವಿಚ್ಚು ಕೂರಿಸಿ, ಎಣ್ಣೆ ಹಚ್ಚಿ ಒಣಗಲಿಟ್ಟೆ. ನಿಮ್ಮಮ್ಮ ದಿನಾ ಅದರ ಧೂಳು ಒರೆಸಿ, "ಹಲಗೆಗೆ ಕಾಲ್ ಬತ್ತವಾ ಓಗಕ್ಕೆ?" ಎನ್ನುತ್ತಿದ್ದಳು. ನಾನು ಆಗಲೇ ಹೊರಟಿದ್ದರೆ ನಿನ್ನ ಕೈ ಸುಡುತ್ತಿರಲಿಲ್ಲ. ಇದನ್ನು ಅಲ್ಲೇ ಹೇಳೋಣವೆಂದಿದ್ದೆ. ನೀನು ಹಾಲಿನ ಪಾತ್ರೆ ಹಿಡಿದು ಬೆನ್ನು ಮಾಡಿ ನಿಂತಿದ್ದೆ. ಬೆನ್ನಿಗೆ ಹೇಳುವ ಮಾತಲ್ಲ ಅದು ಎಂದು ಬಂದುಬಿಟ್ಟೆ.

ಮಗು ಗೊರಗೊರ ಅನ್ನುವುದು ಪೂರ್ತಿ ನಿಂತಿತೇ? ಹಾಲು ಎಷ್ಟು ಕುಡಿಯುತ್ತದೆ? ದೀಪ ಹಚ್ಚಿದಾಗ ಆ ಕಡೆ ತಿರುಗುತ್ತದೆಯೇ? ನಾನು ಎತ್ತಿಕೊಂಡಾಗ ನನ್ನ ಹೆಬ್ಬೆರಳನ್ನು ಬಿಡಲೇ ಇಲ್ಲ, ಎಲ್ಲರದನ್ನೂ ಹಾಗೇ ಹಿಡಿದುಕೊಳ್ಳುತ್ತದೆಯೇ? ಕೂದಲು ನಿನ್ನ ಹಾಗೆ ಸುರುಳಿಯೋ, ಒದ್ದೆಯಿದ್ದುದರಿಂದ ಹಾಗೆ ಕಂಡಿತೋ? ಎಲ್ಲಕ್ಕೂ ಬರೆ. ಕಾರ್ಡು ಬೇಡ, ಕವರು ಹಾಕು.

ಇನ್ನು ಕೂಲಿ. ಸಾಮಾನಿನ ದುಡ್ಡು ಸಿಕ್ಕಿತು. ಕೂಲಿ ನನಗೆ ಬೇಕು, ಬಿಡುವವನಲ್ಲ. ಆದರೆ ಮನಿಯಾರ್ಡರ್ ತೆಗೆದುಕೊಳ್ಳುವುದಿಲ್ಲ. ಮಳೆ ಹಿಂದಾದ ಮೇಲೆ ಮೂವರೂ ಬಂದು ಮಂಡ್ಯದಲ್ಲೇ ಕೊಡಬೇಕು. ಬರುವ ದಿನ ಮೊದಲೇ ತಿಳಿಸಿದರೆ ಸ್ಟೇಷನ್ನಿಗೆ ಗಾಡಿ ತರುತ್ತೇನೆ. ಊರಿನವರು ಏನಾದರೂ ಅಂದಾರೆಂಬ ಯೋಚನೆ ನಿನಗೆ ಬೇಡ. ಅನ್ನುವವರು ನನ್ನ ಅಂಗಡಿ ಮುಂದೆ ಬಂದು ಅನ್ನಲಿ.

ಅಳಿಯಂದಿರಿಗೆ ಮುದ್ದೆ ನುಂಗಲು ಬರುತ್ತದೋ ಇಲ್ಲವೋ ತಿಳಿಸು. ಬರದಿದ್ದರೆ ಅಕ್ಕಿ ತರಿಸಿಡುತ್ತೇನೆ.

ನಿಮ್ಮಪ್ಪ
ದೇವಯ್ಯ